ದೂರ ಹೋಗುವವರಿಗೊಂದು ಬುಟ್ಟಿ

ಬೀದರ ಬಸ್ ನಿಲ್ದಾಣದಲ್ಲಿ ನಾಂದೇಡ ಬಸ್ಸು ನಿಲ್ಲುವ ಕಡೆ ಕಮಳಾಬಾಯಿ ಮನುಷ್ಯರನ್ನು ಆರಿಸುತ್ತಿದ್ದರು, ಸಂತೆಯಲ್ಲಿ ಬದನೆಕಾಯಿ ಆರಿಸುವಷ್ಟೇ ಕಟ್ಟುನಿಟ್ಟಾಗಿ. ಕಂಕುಳಲ್ಲಿ ಒಂದು ಬುಟ್ಟಿ ಇರುತ್ತಿತ್ತು. ಬಿದಿರಿನದಲ್ಲ, ಕಾಗದ ಕುಟ್ಟಿ ಮಾಡಿದ್ದು. ಮೈಗೆ ಅರಿಶಿಣದ ಬಣ್ಣ, ಹೊಟ್ಟೆಯ ಸುತ್ತ ಸುಣ್ಣದ ಚುಕ್ಕೆ, ಅಂಚಿಗೆ ಹಳೆಯ ಸೀರೆಯ ಕೆಂಪು ಪಟ್ಟಿ. ಬಸ್ಸಿಗೆ ಕಾದು ನಿಂತ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡಿ, ಒಬ್ಬಳ ಹತ್ತಿರ ಹೋಗಿ ಕೇಳುತ್ತಿದ್ದರು.

“ಎಲ್ಲಿಗಿ ಹೊಂಟೀರಿ?”

“ಔರಾದಕ್ಕರಿ.”

“ಔರಾದ ಏನು ದೂರ? ಹೋದಂಗ ಬರ್ತೀರಿ,” ಎಂದು ಮುಂದಿನವಳ ಕಡೆ ತಿರುಗುತ್ತಿದ್ದರು. ಗಡಿ ದಾಟಿದ ಮೇಲೆ ಬರುವ ದೇಗಲೂರು ಎಂದವಳ ಹತ್ತಿರ ಒಂದು ಗಳಿಗೆ ನಿಲ್ಲುತ್ತಿದ್ದರು. ದಾರಿಯ ಕೊನೆಯ ನಾಂದೇಡ ಎಂದವಳ ಕೈಗೆ ಬುಟ್ಟಿ ಇಟ್ಟೇಬಿಡುತ್ತಿದ್ದರು. “ತಗೋರಿ. ರೊಕ್ಕ ಬ್ಯಾಡ. ಒಳಗ ಮುಚ್ಚಿ ಇಡಬ್ಯಾಡ್ರಿ, ನಾಕು ಮಂದಿಗಿ ಕಾಣೂ ಹಂಗ ಗೋಡಿಗಿ ತೂಗ ಹಾಕ್ರಿ. ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೋರಿ.” ಪುಕ್ಕಟೆ ಸಿಕ್ಕಿದ್ದಕ್ಕೆ ಆ ಹೆಂಗಸು ಒಂದಿಷ್ಟು ಅನುಮಾನದಿಂದಲೇ ಬುಟ್ಟಿ ಹಿಡಿದುಕೊಂಡು ಬಸ್ಸು ಹತ್ತುತ್ತಿದ್ದಳು. ಬಸ್ಸು ಗೇಟು ದಾಟುವವರೆಗೂ ಕಮಳಾಬಾಯಿ ಅಲ್ಲೇ ನಿಂತಿರುತ್ತಿದ್ದರು.

ಆ ನಿಲ್ದಾಣದಲ್ಲಿ ನಾನು ಕಂಟ್ರೋಲರ್. ಕಿಟಕಿಯ ಹಿಂದೆ ಕೂತು ಬಸ್ಸುಗಳ ಹೆಸರು ಕೂಗುವುದು, ಬಂದ ಹೊತ್ತು, ಹೋದ ಹೊತ್ತು ಬರೆಯುವುದು ನನ್ನ ಕೆಲಸ. ದಿನಕ್ಕೆ ಸಾವಿರಾರು ಜನ ನನ್ನ ದನಿ ಕೇಳುತ್ತಾರೆ. ಭಾಲ್ಕಿ ಬಸ್ಸು ಯಾವಾಗ ಎಂಬುದರಾಚೆ ನನ್ನೊಂದಿಗೆ ಮಾತು ಬೆಳೆಸುವವರು ಮಾತ್ರ ಯಾರೂ ಇಲ್ಲ. ಕಲಬುರಗಿ ಕಡೆಯಿಂದ ವರ್ಗವಾಗಿ ಬಂದವನು ನಾನು. ಮದುವೆ ಮಾಡಿಕೊಳ್ಳಲಿಲ್ಲ ಎಂದು ಹೇಳಿಕೊಳ್ಳುತ್ತೇನೆ. ಆಗಲಿಲ್ಲ ಎನ್ನುವುದು ನಿಜ. ನನ್ನದೊಂದು ಕೆಟ್ಟ ಚಟವಿದೆ, ಅದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಸೊಟ್ಟಗಿರುವುದನ್ನು ಕಂಡರೆ ಸುಮ್ಮನಿರಲಾರೆ. ಯಾರದೇ ಮನೆಯಿರಲಿ, ಗೋಡೆಯ ಕ್ಯಾಲೆಂಡರ್ ವಾಲಿದ್ದರೆ ಎದ್ದುಹೋಗಿ ನೆಟ್ಟಗೆ ಮಾಡಿ ಬರುತ್ತೇನೆ. ಚಹಾ ಕೊಡಲು ಕರೆದವರು ನನ್ನ ಮುಖ ನೋಡುತ್ತಾರೆ.

ಒಂದು ದಿನ ನಾಂದೇಡ ಬಸ್ಸಿನ ಚಾಲಕ ದೂರು ತಂದ. “ಸಾಹೇಬ್ರೆ, ಆ ಬುಟ್ಟಿ ಬಾಯಿ ಬಂದಾಗೊಮ್ಮೆ ಬಸ್ಸು ತಡ ಮಾಡಸ್ತಾಳ.” ನಾನು ಅವರನ್ನು ಕರೆಸಿದೆ. ಅರವತ್ತು ದಾಟಿದ, ಎತ್ತರದ, ಹಣೆಯ ತುಂಬ ವಿಭೂತಿ ಹಚ್ಚಿದ ಹೆಂಗಸು. ಬಾಗಿಲಲ್ಲಿ ನಿಂತು ನನ್ನ ಕೋಣೆಯನ್ನು ಒಮ್ಮೆ ಅಳೆದರು.

“ಏನು ಮಾರ್ತೀರಿ ಇಲ್ಲಿ?” ಎಂದೆ.

“ಮಾರಂಗಿಲ್ರಿ. ಕೊಡ್ತೇನಿ.”

“ಯಾಕ?”

“ದೂರ ಹೋಗೋರ ಕೈಯಾಗ ಒಂದು ಸಾಮಾನು ಇದ್ದರ ಛಲೋರಿ,” ಎಂದವರ ಕಣ್ಣು ಅಷ್ಟರಲ್ಲಿ ಮೂಲೆಯಲ್ಲಿದ್ದ ಹಳೆಯ ಕಾಗದದ ಗಂಟಿನ ಮೇಲೆ ಬಿದ್ದಿತ್ತು. “ಅವು ಏನು ಮಾಡ್ತೀರಿ?”

“ರದ್ದಿಗೆ ಹಾಕೋದು.”

“ರದ್ದಿಗಿ ಯಾಕ್ರಿ? ನನಗ ಕೊಡ್ರಿ. ಬಸ್ಸಿನ ಕಾಗದ ಮೆತ್ತಗ ಇರ್ತಾವ, ಲಗು ನೆನಿತಾವ. ಲಗ್ನಪತ್ರ ಅಂದ್ರ ಸೆಟಗೊಂಡು ಕೂಡ್ತಾವ, ಎಷ್ಟು ಕುಟ್ಟಿದರೂ ಬಗ್ಗಂಗಿಲ್ಲ.”

ಬೈಯಲು ಕರೆಸಿದವನು ನಾನೇ ಗಂಟು ಹೊತ್ತುಕೊಂಡು ಹೋಗಿ ಆಟೋದಲ್ಲಿ ಇಟ್ಟುಬಂದೆ. ತಿಂಗಳೊಪ್ಪತ್ತಿನಲ್ಲಿ ಚಿದ್ರಿಯಲ್ಲಿರುವ ಅವರ ಮನೆಯ ಮುಂದಿನ ಕೋಣೆಗೆ ಬಾಡಿಗೆಗೂ ಹೋದೆ. ಅವರು ಹಾಸ್ಟೆಲೊಂದರಲ್ಲಿ ಅಡುಗೆ ಮಾಡಿ ನಿವೃತ್ತರಾದವರು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ.

ಆ ಮನೆಯ ಬಾಗಿಲಲ್ಲಿ ಒಂದು ತೋರಣವಿತ್ತು. ಒಡೆದ ಗಾಜಿನ ಬಳೆಗಳನ್ನು ದೀಪದ ಉರಿಗೆ ಹಿಡಿದು, ಮೆತ್ತಗಾದಾಗ ಬಗ್ಗಿಸಿ, ಒಂದರೊಳಗೊಂದು ಕೊಂಡಿ ಹಾಕಿದ್ದು. ಗಾಳಿ ಬಂದರೆ ಕಿಣಿಕಿಣಿ ಎನ್ನುತ್ತಿತ್ತು. ಕಿಟಕಿಗೆ ಜೋಳದ ತೆನೆಗಳನ್ನು ಹೆಣೆದ ಬಳ್ಳಿ, ದೇವರ ಗೂಡಿನ ಸುತ್ತ ಕೆಂಪು ಜಾಜಿನಲ್ಲಿ ಬರೆದ ಎಲೆಗಳು, ಜಗುಲಿಯ ಮೇಲೆ ಜೋಳದ ದಂಟಿನಲ್ಲಿ ಕಟ್ಟಿದ ಪುಟ್ಟ ಬಂಡಿ. ಎಲ್ಲವೂ ಹೊಲದಿಂದಲೋ ತಿಪ್ಪೆಯಿಂದಲೋ ಬಂದವು, ಅವರ ಕೈಯಲ್ಲಿ ಮನೆಯ ಸಾಮಾನುಗಳಾದವು. ಬುಟ್ಟಿ ಮಾತ್ರ ಒಂದೂ ಕಾಣಲಿಲ್ಲ. ಅಂಗಳದಲ್ಲಿ ಒಣಗಲು ಇಟ್ಟಿದ್ದು ಬಿಟ್ಟರೆ ಅವರ ಗೋಡೆಯ ಮೇಲೆ ಬುಟ್ಟಿಗೆ ಜಾಗವೇ ಇರಲಿಲ್ಲ.

ಇನ್ನೊಂದು ವಿಚಿತ್ರವೂ ಇತ್ತು. ತಲೆಬಾಗಿಲಿಗೆ ಚಿಲಕವಿರಲಿಲ್ಲ. ಇದ್ದ ಚಿಲಕವನ್ನು ಬಿಚ್ಚಿದ್ದರು. ಸ್ಕ್ರೂ ತೂತುಗಳು ಹಾಗೇ ಉಳಿದಿದ್ದವು. ನಾನು ಮರುದಿನವೇ ಪೇಟೆಯಿಂದ ಹಿತ್ತಾಳೆಯ ಚಿಲಕ ತಂದೆ. ಅವರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ವಾಪಸು ಕೊಟ್ಟರು.

“ನಿಮ್ಮ ಕೋಣಿಗಿ ಹಾಕ್ಕೋರಿ. ನನಗ ಬ್ಯಾಡ.”

“ಕಳ್ಳರು ಬಂದರೆ?”

“ಬಂದವರು ಬರ್ಲಿ,” ಎಂದರು. ನಗಲಿಲ್ಲ.

ನನ್ನ ಕೋಣೆಯನ್ನು ನೋಡಿ ಅವರಿಗೆ ಕನಿಕರವಾಗಿತ್ತೋ ಸಿಟ್ಟು ಬಂದಿತ್ತೋ ಹೇಳಲಾರೆ. “ಸಾಹೇಬ್ರೆ, ಇದು ಮನಿಯೋ, ನಿಮ್ಮ ಬಸ್ ಸ್ಟ್ಯಾಂಡೋ? ಮನಿ ಅಂದ್ರ ಗೋಡಿ ಮ್ಯಾಲ ಕಣ್ಣು ನಿಂದ್ರಲಾಕ ಒಂದು ಜಾಗ ಇರ್ಬೇಕ್ರಿ. ಇಲ್ಲಂದ್ರ ಕಣ್ಣು ತಿರಗಿ ಒಳಗ ಹೋಗ್ತದ.” ಹೇಳಿದ ಮೇಲೆ ಸುಮ್ಮನಿರುವ ಪೈಕಿ ಅಲ್ಲ. ವಾರದೊಳಗೆ ನನ್ನ ಕಿಟಕಿಗೆ ಬಳೆಯ ಸರ ಬಂತು, ಬಾಗಿಲ ಮೇಲೆ ತೆನೆಯ ಗೊಂಚಲು ಬಂತು. ನನ್ನಿಂದಲೇ ಅವನ್ನು ಮಾಡಿಸಿದರು. ದೀಪದ ಮುಂದೆ ಕೂತು ಬಳೆ ಬಗ್ಗಿಸುವಾಗ ಎರಡು ಬೆರಳು ಸುಟ್ಟುಕೊಂಡೆ. “ಬಸ್ಸು ಕೂಗೂದು ಅಷ್ಟ ಸರಳ ಇಲ್ರಿ ಇದು,” ಎಂದು ಅರಿಶಿಣ ಹಚ್ಚಿದರು. ಗೋಡೆಯಲ್ಲಿ ಒಂದು ಮೊಳೆ ಮಾತ್ರ ಖಾಲಿ ಉಳಿಯಿತು. ಅಲ್ಲಿಗೆ ಒಂದು ಬುಟ್ಟಿ ಕೊಡಿ ಎಂದು ನಾನೇ ಬಾಯಿಬಿಟ್ಟು ಕೇಳಿದೆ.

“ನೀವು ಎಲ್ಲಿಗಿ ಹೋಗ್ತೀರಿ?”

“ಎಲ್ಲಿಗೂ ಇಲ್ಲ.”

“ದೂರ ಹೋಗೋದಿದ್ದರ ಹೇಳ್ರಿ. ಕೊಡ್ತೇನಿ.”

ಓಣಿಯ ಹೆಂಗಸರು ಇದೇ ಕಾರಣಕ್ಕೆ ಅವರನ್ನು ಸೊಕ್ಕಿನವರೆನ್ನುತ್ತಿದ್ದರು. ಬಗಲಿನ ಮನೆಯವರ ಗೃಹಪ್ರವೇಶಕ್ಕೆ ತೋರಣ ಕಟ್ಟಿಕೊಟ್ಟರು, ಹಸೆಗೆ ಚಿತ್ತಾರ ಬರೆದರು, ಬುಟ್ಟಿ ಮಾತ್ರ ಕೊಡಲಿಲ್ಲ. ಅದೆಲ್ಲ ಒಬ್ಬ ತಂಗಿಯ ಸಲುವಾಗಿ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಾಗುವ ಹೊತ್ತಿಗೆ ನಾನು ಕೆಡಿಸುವುದನ್ನು ಕೆಡಿಸಿಯಾಗಿತ್ತು.

ಬುಟ್ಟಿ ಮಾಡುವುದು ಎಂಟು ದಿನದ ಕೆಲಸ. ಕಾಗದ ಹರಿದು ನೀರಲ್ಲಿ ನಾಲ್ಕು ದಿನ ನೆನೆಸಬೇಕು. ನೆನೆಸಿದ ಮೆಂತ್ಯದ ಜೊತೆ ಒರಳಿನಲ್ಲಿ ಕುಟ್ಟಬೇಕು. ಮೆಂತ್ಯ ಅಂಟನ್ನೂ ಕೊಡುತ್ತದೆ, ಹುಳುವನ್ನೂ ದೂರವಿಡುತ್ತದೆ. ಆಮೇಲೆ ಒಂದು ಕೊಡವನ್ನು ಬೋರಲು ಹಾಕಿ, ಹಸಿ ಬಟ್ಟೆ ಹೊದಿಸಿ, ಅದರ ಹೊಟ್ಟೆಯ ಮೇಲೆ ಆ ಹಿಟ್ಟನ್ನು ತಟ್ಟುತ್ತ ಬರಬೇಕು, ರೊಟ್ಟಿ ತಟ್ಟಿದ ಹಾಗೆ. ಎರಡು ಬಿಸಿಲು ಉಂಡ ಮೇಲೆ ಅದು ಕೊಡವನ್ನು ಬಿಟ್ಟು ಎದ್ದುಬರುತ್ತದೆ. ನುಣ್ಣನೆಯ ಕಲ್ಲಿನಿಂದ ಉಜ್ಜಿ, ಹುಣಸೆಬೀಜದ ಗಂಜಿ ಬಳಿದು, ಬಣ್ಣ ಹಚ್ಚಬೇಕು. “ಕಾಗದದ ಮುಂದ ಗಡಬಡಿ ನಡಿಯಂಗಿಲ್ರಿ,” ಎನ್ನುತ್ತಿದ್ದರು. ಅಂಗಳದ ಬೇವಿನ ಕೆಳಗೆ ಕಾಲು ಚಾಚಿ ಕೂತು ಅವರು ತಟ್ಟುತ್ತಿದ್ದರೆ ಆ ತಟ್ ತಟ್ ಸದ್ದು ಬಿಟ್ಟು ಮನೆಯಲ್ಲಿ ಬೇರೆ ಸದ್ದೇ ಇರುತ್ತಿರಲಿಲ್ಲ. ಅವರೂ ಒಂಟಿ, ನಾನೂ ಒಂಟಿ. ಒಂದೇ ಅಂಗಳದಲ್ಲಿ ಕೂತರೂ ಅವರ ಒಂಟಿತನ ಅವರ ಹತ್ತಿರವೇ ಇರುತ್ತಿತ್ತು, ನನ್ನದು ನನ್ನ ಹತ್ತಿರ.

ಕೊಡ ಅವರ ತಾಯಿಯದು, ತಾಮ್ರದ್ದು. ಬುಡದಲ್ಲಿ ಸಣ್ಣ ತೂತು ಬಿದ್ದು ನೀರಿಗೆ ಉಪಯೋಗವಿರಲಿಲ್ಲ. ಹೊಟ್ಟೆಯ ಒಂದು ಬದಿಗೆ ಅಂಗೈಯಗಲದ ನೆಗ್ಗು. ಹೀಗಾಗಿ ಆ ಕೊಡದ ಮೇಲೆ ತಟ್ಟಿದ ಪ್ರತಿ ಬುಟ್ಟಿಗೂ ಅದೇ ಜಾಗದಲ್ಲಿ, ಅದೇ ಆಕಾರದ ಒಂದು ತಗ್ಗು ಮೂಡುತ್ತಿತ್ತು. ಎಷ್ಟು ಚೆಂದ ಬಣ್ಣ ಹಚ್ಚಿದರೂ ಅದು ಎದ್ದು ಕಾಣುತ್ತಿತ್ತು. ನನ್ನಂಥವನಿಗೆ ಅದನ್ನು ನೋಡಿಕೊಂಡು ಇರುವುದು ಎಷ್ಟು ಕಷ್ಟ ಎಂಬುದನ್ನು ಬೇರೆ ಹೇಳಬೇಕಿಲ್ಲ. ಒಮ್ಮೆ ಅಂದೂಬಿಟ್ಟೆ, “ಬಾಯಿ, ಬೇರೆ ಕೊಡ ತಂದುಕೊಡ್ತೀನಿ. ಇಷ್ಟು ಕಷ್ಟಪಟ್ಟು ಮಾಡ್ತೀರಿ, ಬುಟ್ಟಿ ಸೊಟ್ಟಗೆ ಕಾಣ್ತದೆ.”

“ಅದು ನಿಶಾನಿರಿ,” ಎಂದರು. ಬಡವರ ಮನೆಯ ಹಳೆಯ ಸಾಮಾನಿನ ಮೇಲೆ ಎಲ್ಲರಿಗೂ ಇರುವ ಮೋಹ ಎಂದುಕೊಂಡು ನಾನು ಅದನ್ನು ಅಲ್ಲಿಗೇ ಬಿಟ್ಟೆ.

ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಮುಂದಿನ ಯುಗಾದಿಗೆ ಅವರು ಭಾಲ್ಕಿ ತಾಲೂಕಿನ ತಮ್ಮ ತವರೂರು ಹಲಬರ್ಗಾಕ್ಕೆ, ಚಿಕ್ಕಪ್ಪನ ಮನೆಗೆ ಹೋದರು. ನಾಲ್ಕು ದಿನ ಬರುವುದಿಲ್ಲ ಎಂದಿದ್ದರು. ನಾನು ಕೊಡವನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಹಳೇ ಬೀದರಿನಲ್ಲಿ ತಾಮ್ರದ ಪಾತ್ರೆ ರಿಪೇರಿ ಮಾಡುವ ಮುದುಕನ ಹತ್ತಿರ ಹೋದೆ. ತೂತಿಗೆ ಬೆಸುಗೆ ಹಾಕಿಸಿದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. “ಈ ನಗ್ಗೂ ತೆಗೀಲೇನ್ರಿ?” ಎಂದು ಅವನು ಕೇಳಿದ. ತೆಗಿ ಎಂದೆ. ಒಳಗಿನಿಂದ ಕಬ್ಬಿಣದ ಗುಂಡು ಕೊಟ್ಟು, ಹೊರಗಿನಿಂದ ಮರದ ಸುತ್ತಿಗೆಯಲ್ಲಿ ಒಂದು ತಾಸು ಬಡಿದ. ಕೊಡ ದುಂಡಗಾಯಿತು. ಹುಣಸೆಹಣ್ಣು ಹಚ್ಚಿ ನಾನೇ ಬೆಳಗಿದೆ. ಜೀವನದಲ್ಲಿ ಯಾರಿಗಾದರೂ ಒಂದು ಉಡುಗೊರೆ ಕೊಡುವ ಸಂದರ್ಭ ನನಗೆ ಬಂದಿದ್ದು ಕಡಿಮೆ. ಅವರು ಬರುವ ದಿನ ರಜೆ ಹಾಕಿ, ಕೊಡವನ್ನು ಜಗುಲಿಯ ಮೇಲೆ ಇಟ್ಟುಕೊಂಡು ಕಾದು ಕೂತೆ.

ಕಮಳಾಬಾಯಿ ಬಂದರು. ಚೀಲ ಕೆಳಗಿಟ್ಟು ಕೊಡವನ್ನು ನೋಡಿದರು.

“ಇದು ಯಾರದು?”

“ನಿಮ್ಮದೇ. ನೋಡ್ರಿ, ತೂತೂ ಇಲ್ಲ, ನೆಗ್ಗೂ ಇಲ್ಲ.”

ಅವರು ಕೂತರು. ಕೊಡವನ್ನು ಮಡಿಲಿಗೆ ಎಳೆದುಕೊಂಡು ಅಂಗೈಯನ್ನು ಅದರ ಸುತ್ತ ಆಡಿಸಿದರು. ಒಂದು ಸುತ್ತು, ಎರಡು ಸುತ್ತು. ಕುರುಡರು ಮುಖ ಮುಟ್ಟಿ ನೋಡುವ ಹಾಗಿತ್ತು ಅದು. ಮೂರನೆಯ ಸುತ್ತಿಗೆ ಕೈ ನಿಂತಿತು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಎದ್ದು ಒಳಗೆ ಹೋದರು, ಮೂರು ದಿನ ನನ್ನೊಂದಿಗೆ ಮಾತಾಡಲಿಲ್ಲ. ಅಂಗಳದಲ್ಲಿ ನೆನೆಹಾಕಿದ ಕಾಗದ ಹುಳಿ ವಾಸನೆ ಹೊಡೆಯತೊಡಗಿತು.

ನಾಲ್ಕನೆಯ ದಿನ ಬೆಳಿಗ್ಗೆ ತಾವಾಗಿಯೇ ಚಹಾ ತಂದಿಟ್ಟು ನನ್ನ ಕೋಣೆಯ ಹೊಸ್ತಿಲ ಮೇಲೆ ಕೂತರು. ಆವತ್ತು ಮೊದಲ ಸಲ ನನ್ನನ್ನು ತಮ್ಮಾ ಎಂದರು.

“ತಮ್ಮಾ, ನನಗೊಬ್ಬಾಕಿ ತಂಗಿ ಇದ್ದಳು. ಇದ್ದಳು ಅನಬಾರದು, ಇದ್ದಾಳ. ವಿಮಲಾ ಅಂತ. ಆಕಿಗಿ ಹತ್ತು, ನನಗ ಹದಿಮೂರು. ಬಾವಿ ಕಟ್ಟಿ ಮ್ಯಾಲ ಈ ಕೊಡ ನಾ ಹೊರ್ತೇನಿ ನಾ ಹೊರ್ತೇನಿ ಅಂತ ಇಬ್ಬರೂ ಜಗ್ಗಿದಿವಿ. ಕಲ್ಲಿನ ಮ್ಯಾಲ ಬಿತ್ತು. ಅವ್ವ ಇಬ್ಬರಿಗೂ ಬಡದಳು. ಆ ನಗ್ಗು ಅದು.”

ಉಳಿದದ್ದನ್ನು ಅವರು ಬಹಳ ಮೆಲ್ಲಗೆ ಹೇಳಿದರು. ವಿಮಲಾ ದೊಡ್ಡವಳಾದ ಮೇಲೆ ಬೇರೆ ಜಾತಿಯ ಹುಡುಗನೊಬ್ಬನ ಜೊತೆ ಮನೆ ಬಿಟ್ಟು ಹೋದಳು. ಅಪ್ಪ ಅವಳ ಹೆಸರು ಎತ್ತಬಾರದೆಂದ. ವರ್ಷ ದಾಟಿದ ಮೇಲೆ ಅವಳು ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಆಗ ಕಮಳಾಬಾಯಿ ತವರಿನಲ್ಲಿದ್ದರು.

“ಅಪ್ಪ ಕುರ್ಚಿ ಮ್ಯಾಲ ಕುಂತು ‘ಬಾಗಲಾ ಹಾಕು’ ಅಂದ. ಅಂದಾಂವ ಅಪ್ಪ. ಚಿಲಕ ಹಾಕಿದ ಕೈ ಇದು.” ಬಲಗೈಯನ್ನು ಎತ್ತಿ ತೋರಿಸಿದರು. “ಅಕ್ಕಾ, ಅಕ್ಕಾ ಅಂತ ಎರಡು ಸಲ ಕರದಳು. ಮೂರನೇ ಸಲ ಕರೀಲಿಲ್ಲ. ಆಮ್ಯಾಲ ನಾಂದೇಡ ಕಡಿ ಇದ್ದಾರ ಅಂತ ಸುದ್ದಿ ಬಂತು. ಪತ್ತೆ ಗೊತ್ತಿಲ್ಲ. ಗೊತ್ತಾದರೂ ಹೋಗಿ ಬಾಗಲಾ ಬಡಿಯೋ ಮುಖ ನನಗಿಲ್ಲ. ಅದಕ್ಕ ಬುಟ್ಟಿ ಕಳಸ್ತೇನಿ. ಅವ್ವ ಇಬ್ಬರಿಗೂ ಈ ಕೊಡದ ಮ್ಯಾಲ ಬುಟ್ಟಿ ಮಾಡೂದು ಕಲಸ್ಯಾಳ. ಎಲ್ಲರೆ ಒಂದು ಗೋಡಿ ಮ್ಯಾಲ ಕಂಡರ ಆ ನಗ್ಗು ನೋಡಿ ಆಕಿಗಿ ಗೊತ್ತಾಗ್ತದ. ಅಕ್ಕ ಕರೀಲಾಕತ್ತಾಳ ಅಂತ ತಿಳಿತದ. ಬರೂದು ಬಿಡೂದು ಆಕಿ ಮರ್ಜಿ.”

ಚಿಲಕವಿಲ್ಲದ ಬಾಗಿಲು ಆಗ ನನಗೆ ಅರ್ಥವಾಯಿತು.

ನಾನು ಎದ್ದು ಸುತ್ತಿಗೆ ಹುಡುಕಿದೆ. ಬಟ್ಟೆ ಸುತ್ತಿ ಅದೇ ಜಾಗಕ್ಕೆ ಒಂದು ಏಟು ಹಾಕಿದರೆ ಸರಿಹೋಗುತ್ತದೆ ಎಂದೆ. ನನ್ನ ದನಿ ನನಗೇ ನಾಚಿಕೆ ತರಿಸುವಂತಿತ್ತು. ಅವರು ಸುತ್ತಿಗೆಯನ್ನು ಮೆಲ್ಲಗೆ ತೆಗೆದುಕೊಂಡರು. “ಬ್ಯಾಡ ತಮ್ಮಾ. ಅದು ಇಬ್ಬರು ಜಗ್ಗಿದ್ದಕ್ಕ ಬಿದ್ದದ್ದು. ಒಬ್ಬರು ಬಡದರ ಬರಂಗಿಲ್ಲ.”

ಆ ವರ್ಷ ಅವರು ಏಳು ಬುಟ್ಟಿ ತಟ್ಟಿದರು. ದುಂಡನೆಯ ಕೊಡದ ಮೇಲಿಂದ ಹಸಿ ಬುಟ್ಟಿಯನ್ನು ಪೂರ್ತಿ ಒಣಗುವ ಮುಂಚೆ ಎತ್ತಿ, ನೆಗ್ಗಿನ ಜಾಗ ನೆನಪು ಮಾಡಿಕೊಂಡು ಅಂಗೈಯ ಬುಡದಿಂದ ಒತ್ತುತ್ತಿದ್ದರು. ಒಮ್ಮೆ ತಗ್ಗು ಮೇಲಾಗುತ್ತಿತ್ತು, ಒಮ್ಮೆ ಅಗಲವಾಗುತ್ತಿತ್ತು. ಕಣ್ಣು ಮುಚ್ಚಿ ಬೆರಳಾಡಿಸಿ, ತಲೆಯಾಡಿಸಿ, ಮತ್ತೆ ನೀರಿಗೆ ಹಾಕುತ್ತಿದ್ದರು. ಕಾಗದದ ಬುಟ್ಟಿಯ ಒಂದು ಗುಣವೆಂದರೆ ನೆನೆಸಿದರೆ ಮತ್ತೆ ಹಿಟ್ಟಾಗುತ್ತದೆ. ಇಷ್ಟು ವರ್ಷ ಕಣ್ಣೆದುರಿಗೆ ಇದ್ದುದು ಕೈಗೆ ಬರುತ್ತಿಲ್ಲವಲ್ಲ ಎಂಬ ಸಂಕಟ ಅವರ ಮುಖದಲ್ಲಿ ಕಾಣುತ್ತಿತ್ತು. ನಾನು ನೋಡಲಾಗದೆ ಡ್ಯೂಟಿಗೆ ಬೇಗ ಹೋಗಿಬಿಡುತ್ತಿದ್ದೆ. ಆರು ಬುಟ್ಟಿಗಳು ಹೀಗೆ ನೀರಿಗೆ ಹೋದವು. ಏಳನೆಯದನ್ನು ಅವರು ಒಪ್ಪಿದರೋ, ಸೋತು ಕೈಬಿಟ್ಟರೋ, ಬಣ್ಣ ಹಚ್ಚಿದರು. ದಸರೆಯ ಮುಂಚೆ ಒಂದು ಮಧ್ಯಾಹ್ನ ನಿಲ್ದಾಣಕ್ಕೆ ತಂದು ನಾಂದೇಡ ಬಸ್ಸಿನಲ್ಲಿ ಕೂತಿದ್ದ ಒಬ್ಬ ಬಾಣಂತಿಯ ತೊಡೆಯ ಮೇಲೆ ಇಟ್ಟರು. ಎಲ್ಲಿಗೆ ಎಂದು ಕೇಳಲೂ ಇಲ್ಲ. ನಾನು ಕಿಟಕಿಯಿಂದ ನೋಡುತ್ತಿದ್ದೆ.

ಅದೇ ಕೊನೆಯ ಬುಟ್ಟಿ. ದೀಪಾವಳಿಯ ಹೊತ್ತಿಗೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಯ ಮಂಚದ ಮೇಲೆ ಕೂತು ಎದುರಿನ ಗೋಡೆ ನೋಡುತ್ತ, “ಇಲ್ಲಿ ಕಣ್ಣು ನಿಂದ್ರಲಾಕ ಏನೂ ಇಲ್ಲ ನೋಡು ತಮ್ಮಾ,” ಎಂದರು. ನಾನು ಮನೆಯಿಂದ ಬಳೆಯ ತೋರಣ ಬಿಚ್ಚಿ ತಂದು ಕಿಟಕಿಯ ಸರಳಿಗೆ ಕಟ್ಟಿದೆ. ನಾನು ಹೊರಡುವಾಗ ಕೇಳಿದರು, “ನಾಂದೇಡ ಬಸ್ ಟೈಮಿಗಿ ಹೋಯ್ತಾ?” ಹೋಯಿತು ಎಂದೆ. “ಕೊಡ ಒಳಗ ಇಡು. ಹೊರಗ ಇಟ್ಟರ ಮತ್ತ ಯಾರರೆ ರಿಪೇರಿ ಮಾಡ್ತಾರ,” ಎಂದು ನನ್ನ ಮುಖ ನೋಡಿ ಸಣ್ಣಗೆ ನಕ್ಕರು. ನನ್ನನ್ನು ಕ್ಷಮಿಸಿದ ಬಗೆ ಅದು. ಮರುದಿನ ನಾನು ಹೋಗುವಷ್ಟರಲ್ಲಿ ಮಂಚ ಖಾಲಿಯಾಗಿತ್ತು.

ಹಲಬರ್ಗಾದಿಂದ ಚಿಕ್ಕಪ್ಪನ ಮಕ್ಕಳು ಬಂದು ಕೊನೆಯ ಕಾರ್ಯ ಮುಗಿಸಿದರು. ಮನೆಯ ಬಗ್ಗೆ ಮುಂದೆ ನೋಡೋಣ, ಸದ್ಯಕ್ಕೆ ನೀವು ಇರಿ ಎಂದು ಹೇಳಿ ಹೋದರು. ನಾನು ಇದ್ದೆ. ಅಂಗಳದಲ್ಲಿ ತಟ್ಟುವ ಸದ್ದಿಲ್ಲ, ಚಹಾಕ್ಕೆ ಕರೆಯುವವರಿಲ್ಲ. ನಾನು ಒಂಟಿಯಾಗಿ ಬದುಕಿ ರೂಢಿಯಾದವನು ಎಂದು ತಿಳಿದಿದ್ದೆ, ಅದು ಸುಳ್ಳು. ರೂಢಿಯಾಗಿದ್ದು ಬರೀ ಖಾಲಿ ಕೋಣೆ. ಒಬ್ಬರು ಇದ್ದು ಇಲ್ಲವಾದ ಮನೆ ಬೇರೆಯೇ.

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ನಿಲ್ದಾಣದಲ್ಲಿ ಹೊಲಕ್ಕೆ, ಊರಿಗೆ ಹೋಗುವವರ ಗದ್ದಲ. ಯಾರೋ ನನ್ನ ಕಿಟಕಿಯ ಗಾಜು ಬಡಿದರು. ಎತ್ತರದ ಹೆಂಗಸು, ಮೊಣಕೈವರೆಗೆ ಹಸಿರು ಬಳೆ. ಎದೆಗೆ ಅವಚಿಕೊಂಡಿದ್ದ ಬುಟ್ಟಿಯನ್ನು ನಾನು ಮೊದಲು ನೋಡಿದೆ. ಆಮೇಲೆ ಮುಖ ನೋಡಿದೆ.

“ಇಲ್ಲಿ ಬುಟ್ಟಿ ಕೊಡೋ ಬಾಯಿ ಎಲ್ಲಿ ನಿಂದರ್ತಾರ್ರಿ?”

ನಾನು ಅವರನ್ನು ಒಳಗೆ ಕರೆದು ಕೂರಿಸಿದೆ. ವಿಮಲಾಬಾಯಿ ಅಲ್ಲವೇ ಎಂದೆ. ಅವರು ತಲೆಯಾಡಿಸಿದರು. ಹೇಳಬೇಕಾದ್ದನ್ನು ಹೇಳಿದೆ. ಮೈಕಿನಲ್ಲಿ ಇಷ್ಟು ವರ್ಷ ಏನೇನೋ ಕೂಗಿದ ಬಾಯಿ ಇದು, ಆ ಒಂದು ಮಾತಿಗೆ ಎರಡು ಸಲ ತಡವರಿಸಿತು. ಅವರು ಅಳಲಿಲ್ಲ. ಅಂಗೈಯನ್ನು ಬುಟ್ಟಿಯ ತಗ್ಗಿನೊಳಗೆ ಒತ್ತಿ ಹಿಡಿದು ಕೂತರು. ಆ ತಗ್ಗಿನಲ್ಲಿ ಅವರ ಕೈ ಸರಿಯಾಗಿ ಕೂತಿತ್ತು.

“ನಾಂದೇಡದಿಂದ ಬಂದಿರಾ?” ಎಂದೆ, ಏನಾದರೂ ಕೇಳಬೇಕೆಂದು.

“ಔರಾದದಿಂದರಿ. ಹದಿನೈದು ವರ್ಷ ಆಯ್ತು, ಅಲ್ಲೇ ಅದೀವಿ. ಬಸ್ ಸ್ಟ್ಯಾಂಡ್ ಎದುರಿಗಿ ನಮ್ಮದು ಬಳಿ ಅಂಗಡಿ.”

ಔರಾದ ಏನು ದೂರ ಎಂದು ಕಮಳಾಬಾಯಿ ಎಷ್ಟು ಜನರಿಂದ ಮುಖ ತಿರುಗಿಸಿದ್ದರೋ. ನಾಂದೇಡ ಬಸ್ಸು ಔರಾದದಲ್ಲಿ ಹತ್ತು ನಿಮಿಷ ನಿಲ್ಲುತ್ತದೆ. ಹೆಂಗಸರು ಬಳೆ ನೋಡಲು ಇಳಿಯುತ್ತಾರೆ.

“ಹಂಗಾದರ ಮೊದಲಿನ ಬುಟ್ಟಿ ನೋಡಿರಲಿಲ್ಲೇನ್ರಿ?”

“ಎಲ್ಲಾ ನೋಡೀನ್ರಿ. ಬಳಿ ಇಡಸ್ಕೊಳ್ಳಾಕ ಬಂದವರು ಅಂಗಡಿ ಗಲ್ಲೆದ ಮ್ಯಾಲ ಇಡ್ತಿದ್ದರು. ಕೈ ಆಡಸಿ ನೋಡ್ತಿದ್ದೆ. ನಗ್ಗು ಬರೋಬ್ಬರಿ ಇರ್ತಿತ್ತು. ಅಕ್ಕ ಆರಾಮದಾಳ, ಅವ್ವನ ಕೊಡ ಜ್ವಾಕಿ ಇಟ್ಟಾಳ ಅಂತ ತಿಳಿದು ಸುಮ್ಮ ಇರ್ತಿದ್ದೆ. ಅಷ್ಟು ಸಾಕಾಗ್ತಿತ್ತು ನನಗ. ಆಕಿ ನನಗ ಕರೀಲಾಕತ್ತಾಳ ಅಂತ ನನಗೇನು ಗೊತ್ತು.” ಬುಟ್ಟಿಯನ್ನು ಸ್ವಲ್ಪ ಎತ್ತಿ ತೋರಿಸಿದರು. “ದಸರಾ ಮುಂದ ಇದು ಬಂತು. ಇದರಾಗ ನಗ್ಗು ಜಾಗಾ ತಪ್ಪಿತ್ತು. ಅಕ್ಕಗ ಏನೋ ಆಗ್ಯದ ಅನಸ್ತು. ಆ ಬಾಣಂತಿಗಿ ಡಜನ್ ಬಳಿ ಕೊಟ್ಟು ಇಸಕೊಂಡೆ. ನಾಳಿ ಹೋಗ್ತೇನಿ, ನಾಳಿ ಹೋಗ್ತೇನಿ ಅಂದೆ. ಬಾಗಲದಾಗ ನಿಂತದ್ದು ಯಾದ್ ಬರ್ತಿತ್ತು. ಮೂರು ತಿಂಗಳು ಹೋದವು.”

ನೆಗ್ಗು ಹೇಗೆ ತಪ್ಪಿತು ಎಂದು ಅವರು ಕೇಳಲಿಲ್ಲ. ನಾನೇ ಹೇಳಿದೆ, ಒಂದೂ ಬಿಡದೆ. ನನ್ನ ತಪ್ಪಿನಿಂದಲೇ ಅವರು ಬಂದರು ಎಂಬ ಮಾತು ಒಂದು ಗಳಿಗೆ ನನ್ನ ತಲೆಯೊಳಗೆ ಸುಳಿದದ್ದು ನಿಜ. ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ. ಈಗಲೂ ಆಗಿಲ್ಲ.

ಚಿದ್ರಿಗೆ ಕರೆದುಕೊಂಡು ಹೋದೆ. ತಲೆಬಾಗಿಲು ಬರೀ ಮುಂದಕ್ಕೆ ಎಳೆದಿತ್ತಷ್ಟೆ. ವಿಮಲಾಬಾಯಿ ತಳ್ಳಿದರು, ತೆರೆಯಿತು. ಸ್ಕ್ರೂ ತೂತುಗಳ ಮೇಲೆ ಅವರ ಕಣ್ಣು ಹೋಯಿತು. ಬೆರಳಿನಿಂದ ಒಂದೊಂದನ್ನೂ ಮುಟ್ಟಿದರು. ಹೊಸ್ತಿಲ ಮೇಲೆಯೇ ಕುಸಿದು ಕೂತು, ಆಗ ಅತ್ತರು. “ಅಕ್ಕಾ” ಎಂದು ಒಂದೇ ಸಲ ಕರೆದರು.

ಸಂಜೆಯ ಔರಾದ ಬಸ್ಸಿಗೆ ಕೊಡವನ್ನು ಅವರ ಜೊತೆ ಕಳಿಸಿದೆ. ಬೇಡ ಎನ್ನಲಿಲ್ಲ. ಬುಟ್ಟಿಯನ್ನು ಮಾತ್ರ ನನ್ನ ಕೈಗೆ ಕೊಟ್ಟರು. “ಇದು ನಿಮ್ಮ ಹತ್ರ ಇರ್ಲಿ. ನನ್ನ ಹತ್ರ ಕೊಡ ಅದ.” ದೂರ ಎಲ್ಲಿಗೂ ಹೋಗದ ನನಗೆ ಕಮಳಾಬಾಯಿಯ ಬುಟ್ಟಿ ಸಿಕ್ಕಿದ್ದು ಹೀಗೆ. ಕಿಟಕಿಗೆ ಬಂದು ಕೂತು ಔರಾದ ಬಸ್ಸು ಹೊರಡುತ್ತಿದೆ ಎಂದು ಕೂಗಿದೆ. ಗೇಟು ದಾಟುವವರೆಗೂ ನೋಡಿದೆ.

ಬುಟ್ಟಿ ಈಗ ನನ್ನ ಗೋಡೆಯ ಆ ಮೊಳೆಗೆ ತೂಗುತ್ತಿದೆ. ಸೊಟ್ಟಗೆ ತೂಗುತ್ತದೆ, ನಾನು ಸರಿಮಾಡುವುದಿಲ್ಲ. ಡ್ಯೂಟಿ ಮುಗಿಸಿ ಬಂದು ಒಮ್ಮೊಮ್ಮೆ ಅದರ ತಗ್ಗಿನಲ್ಲಿ ನನ್ನ ಅಂಗೈ ಇಟ್ಟು ನೋಡುತ್ತೇನೆ. ಅದು ಕಮಳಾಬಾಯಿಯ ಅಂಗೈ ಒತ್ತಿದ ಗುರುತು. ನನ್ನ ಕೈ ದೊಡ್ಡದು, ಅದರಲ್ಲಿ ಕೂರುವುದಿಲ್ಲ.